ಒಂದೇ ಗಡಿಯಾರ, ಎರಡು ಹಗಲು: ಡುಮ್‌ಡುಮಾ ಮತ್ತು ಮಾಂಡವಿ

ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಡುಮ್‌ಡುಮಾ ಮತ್ತು ಗುಜರಾತಿನ ಕಛ್ ಜಿಲ್ಲೆಯ ಮಾಂಡವಿ ಭಾರತದ ಪೂರ್ವ ಹಾಗೂ ಪಶ್ಚಿಮದ ಅಂಚುಗಳಿಗೆ ಸಮೀಪವಿರುವ, ಸುತ್ತಲಿನ ಬೇಸಾಯವನ್ನು ನೆಚ್ಚಿಕೊಂಡಿರುವ ಎರಡು ಸಣ್ಣ ಪಟ್ಟಣಗಳು. ಮೊದಲನೆಯದರ ಸುತ್ತ ಚಹಾ ತೋಟಗಳು ಹಬ್ಬಿಕೊಂಡಿದ್ದರೆ, ಎರಡನೆಯದರ ಸುತ್ತ ಖರ್ಜೂರದ ತೋಪುಗಳೂ ಹತ್ತಿ, ಹರಳು, ಶೇಂಗಾ ಬೆಳೆಯುವ ಹೊಲಗಳೂ ಇವೆ. ಭಾರತದ ಪ್ರಮಾಣ ವೇಳೆಯನ್ನು, ಅಂದರೆ ದೇಶದ ಎಲ್ಲ ಗಡಿಯಾರಗಳೂ ಪಾಲಿಸಬೇಕಾದ ಏಕರೂಪದ ವೇಳೆಯನ್ನು, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿ ಲೆಕ್ಕ ಹಾಕಲಾಗುತ್ತದೆ. ಡುಮ್‌ಡುಮಾ ಆ ರೇಖೆಗೆ ಸುಮಾರು 13 ಡಿಗ್ರಿ ಪೂರ್ವದಲ್ಲಿದೆ, ಮಾಂಡವಿ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಪಶ್ಚಿಮದಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾಗುವುದರಿಂದ, ಡುಮ್‌ಡುಮಾದ ಸೂರ್ಯ ದೇಶದ ಗಡಿಯಾರಕ್ಕಿಂತ ಸುಮಾರು 52 ನಿಮಿಷ ಮುಂದಿದ್ದಾನೆ, ಮಾಂಡವಿಯ ಸೂರ್ಯ ಸುಮಾರು 53 ನಿಮಿಷ ಹಿಂದಿದ್ದಾನೆ. ಹೀಗೆ ಗಡಿಯಾರಕ್ಕೂ ಸೂರ್ಯನಿಗೂ ಇರುವ ಅಂತರ ಎರಡೂ ಊರುಗಳಲ್ಲಿ ಬಹುತೇಕ ಸಮನಾಗಿದ್ದರೂ, ಒಂದು ಊರಿನ ತೋಟಗಳು ತಮಗೆಂದೇ ಬೇರೊಂದು ಗಡಿಯಾರವನ್ನು ಕಟ್ಟಿಕೊಂಡವು, ಇನ್ನೊಂದು ಊರಿನ ಹೊಲಗಳಿಗೆ ಅದರ ಅಗತ್ಯವೇ ಬೀಳಲಿಲ್ಲ. ಈ ವ್ಯತ್ಯಾಸಕ್ಕೆ ಭೂಗೋಳದಲ್ಲಿ ಉತ್ತರ ಸಿಗುವುದಿಲ್ಲ. ಆ ಊರುಗಳಲ್ಲಿ ದುಡಿಮೆಯ ದಿನ ಯಾರ ಹತೋಟಿಯಲ್ಲಿತ್ತು ಎಂಬ ಚರಿತ್ರೆಯಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಡಿಸೆಂಬರ್ ಕೊನೆಯ ವಾರದಲ್ಲಿ ಡುಮ್‌ಡುಮಾದಲ್ಲಿ ಬೆಳಿಗ್ಗೆ ಸುಮಾರು 5 ಗಂಟೆ 54 ನಿಮಿಷಕ್ಕೆ ಸೂರ್ಯ ಹುಟ್ಟಿ ಸಂಜೆ 4 ಗಂಟೆ 18 ನಿಮಿಷಕ್ಕೆಲ್ಲ ಮುಳುಗುತ್ತಾನೆ. ಅದೇ ದಿನ ಮಾಂಡವಿಯಲ್ಲಿ ಸೂರ್ಯೋದಯ ಸುಮಾರು 7 ಗಂಟೆ 29 ನಿಮಿಷಕ್ಕೆ, ಸೂರ್ಯಾಸ್ತ 6 ಗಂಟೆ 13 ನಿಮಿಷಕ್ಕೆ. ಜೂನ್ ತಿಂಗಳ ಕೊನೆಯಲ್ಲಿ ಡುಮ್‌ಡುಮಾಕ್ಕೆ ಬೆಳಗಾಗುವುದು 4 ಗಂಟೆ 13 ನಿಮಿಷದ ಸುಮಾರಿಗೆ, ಮಾಂಡವಿಗೆ 6 ಗಂಟೆ ದಾಟಿದ ಮೇಲೆ. ಆ ದಿನಗಳಲ್ಲಿ ಮಾಂಡವಿಯ ಸೂರ್ಯ ರಾತ್ರಿ 7 ಗಂಟೆ 40 ನಿಮಿಷದವರೆಗೂ ಸಮುದ್ರದ ಮೇಲೆ ಉಳಿದಿರುತ್ತಾನೆ. ರೇಖಾಂಶದ ವ್ಯತ್ಯಾಸವೊಂದೇ ಆಗಿದ್ದರೆ ಎರಡೂ ಊರುಗಳ ನಡುವಿನ ಅಂತರ ವರ್ಷವಿಡೀ 1 ಗಂಟೆ 45 ನಿಮಿಷವೇ ಆಗಿರುತ್ತಿತ್ತು. ಆದರೆ ಡುಮ್‌ಡುಮಾ ಮಾಂಡವಿಗಿಂತ ಸುಮಾರು 5 ಡಿಗ್ರಿ ಉತ್ತರಕ್ಕಿರುವುದರಿಂದ ಅಲ್ಲಿನ ಬೇಸಿಗೆಯ ಹಗಲು ಇನ್ನಷ್ಟು ಉದ್ದ, ಚಳಿಗಾಲದ ಹಗಲು ಇನ್ನಷ್ಟು ಗಿಡ್ಡ, ಹಾಗಾಗಿ ಈ ಅಂತರವೂ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ.

ಇಂಥ ಲೆಕ್ಕವನ್ನು ಮಾಡುವ ಅಗತ್ಯ ಹಿಂದಿನವರಿಗೆ ಇರಲಿಲ್ಲ, ಏಕೆಂದರೆ ಅವರ ದಿನ ಅವರವರ ಊರಿನ ಸೂರ್ಯೋದಯದಿಂದ ಆರಂಭವಾಗುತ್ತಿತ್ತು. ಹಗಲು ರಾತ್ರಿ ಸೇರಿ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ, ಹಗಲಿಗೆ ನಾಲ್ಕು ಜಾವ, ರಾತ್ರಿಗೆ ನಾಲ್ಕು ಜಾವ ಎಂಬ ಗಣನೆ ಹೆಸರುಗಳ ಸಣ್ಣ ವ್ಯತ್ಯಾಸದೊಂದಿಗೆ ಕಛ್‌ನಿಂದ ಅಸ್ಸಾಮಿನವರೆಗೂ ನಡೆಯುತ್ತಿತ್ತು. ಕರ್ನಾಟಕದ ಮದುವೆ ಮನೆಗಳಲ್ಲಿ ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲು, ಅಂದರೆ ತಳದಲ್ಲಿ ಸಣ್ಣ ತೂತಿದ್ದು, ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಯಲ್ಲಿ ತುಂಬಿ ಮುಳುಗುವ ಲೋಹದ ಬಟ್ಟಲು, ಈ ಪದ್ಧತಿಯ ಸರಳ ಸಾಧನ. ಎರಡು ಊರುಗಳ ವೇಳೆ ಬೇರೆ ಎಂಬುದು ಜೋಯಿಸರಿಗೆ ಚೆನ್ನಾಗಿ ತಿಳಿದಿತ್ತು. ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯನ್ನು ಮೂಲವಾಗಿಟ್ಟುಕೊಂಡು ಮಾಡಿದ ಗಣಿತವನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳುವ ಕ್ರಮಕ್ಕೆ ಅವರು ದೇಶಾಂತರ ಸಂಸ್ಕಾರ ಎನ್ನುತ್ತಿದ್ದರು. ಆದರೆ ಅದು ಪಂಚಾಂಗದ ಕೆಲಸವಾಗಿತ್ತು. ಒಂದು ಊರಿನ ಹೊತ್ತನ್ನು ಇನ್ನೊಂದು ಊರಿನ ಜನರ ಮೇಲೆ ಹೇರುವ ವ್ಯವಸ್ಥೆ ಆಗ ಇರಲಿಲ್ಲ, ಅದಕ್ಕೆ ಬೇಕಾದ ವೇಗವೂ ಪ್ರಯಾಣದಲ್ಲಿರಲಿಲ್ಲ.

ಆ ವೇಗವನ್ನು ತಂದದ್ದು ರೈಲು ಮತ್ತು ತಂತಿ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಖಗೋಳ ವೀಕ್ಷಣಾಲಯದಲ್ಲಿದ್ದ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದ್ರಾಸಿನ ವೇಳೆ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದಿದೆ ಎಂದು ನಿಗದಿ ಮಾಡಿದ್ದರು. ಮುಂಬಯಿಗೂ ಕಲ್ಕತ್ತಕ್ಕೂ ತಮ್ಮ ತಮ್ಮ ವೇಳೆಗಳಿದ್ದವು. ಮೊದಲನೆಯದು ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ, ಎರಡನೆಯದು ಸುಮಾರು 5 ಗಂಟೆ 54 ನಿಮಿಷ ಮುಂದಿತ್ತು. ಈ ಎರಡರ ನಡುವೆ ಬೀಳುವ ಮದ್ರಾಸ್ ವೇಳೆಯನ್ನು ರೈಲುಗಳು 19ನೇ ಶತಮಾನದ ಉತ್ತರಾರ್ಧದಲ್ಲಿ ತಮ್ಮ ವೇಳೆಯಾಗಿ ಮಾಡಿಕೊಂಡವು. 1906ರ ಜನವರಿ 1ರಂದು ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿರುವ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂತು. ಕಲ್ಕತ್ತ ತನ್ನ ವೇಳೆಯನ್ನು 1948ರವರೆಗೂ, ಮುಂಬಯಿ 1955ರವರೆಗೂ ಬಿಟ್ಟುಕೊಡಲಿಲ್ಲ.

ಮುಂಬಯಿಯ ವಿರೋಧವನ್ನು ಸಾಮಾನ್ಯವಾಗಿ ನಗರಾಭಿಮಾನದ ಮತ್ತು ರಾಷ್ಟ್ರೀಯ ರಾಜಕಾರಣದ ಕಥೆಯಾಗಿ ಹೇಳುವುದುಂಟು. ಆದರೆ 1906ರ ಜನವರಿಯಲ್ಲೇ ಅಲ್ಲಿ ಹತ್ತಿ ಗಿರಣಿಯೊಂದರ ಕಾರ್ಮಿಕರು ಹೊಸ ವೇಳೆಯನ್ನು ವಿರೋಧಿಸಿ ಕೆಲಸ ನಿಲ್ಲಿಸಿದ್ದರು ಎಂಬುದು ಹೆಚ್ಚು ಗಮನಾರ್ಹವಾದ ಸಂಗತಿ. ಪ್ರಮಾಣ ವೇಳೆ ಮುಂಬಯಿಯ ಸೂರ್ಯನಿಗಿಂತ 39 ನಿಮಿಷ ಮುಂದಿದ್ದುದರಿಂದ, ಗಿರಣಿಯ ಸಿಳ್ಳೆ ಗಡಿಯಾರದ ಅದೇ ಗಂಟೆಗೆ ಕೂಗಿದರೂ ಕಾರ್ಮಿಕರು ಅಷ್ಟೂ ನಿಮಿಷ ಮೊದಲೇ, ಇನ್ನೂ ಕತ್ತಲಿರುವಾಗ, ಮನೆ ಬಿಡಬೇಕಾಗುತ್ತಿತ್ತು. ಸಿಳ್ಳೆಗೆ ದುಡಿಯುವವರಿಗೆ ಗಡಿಯಾರದ ಮುಳ್ಳನ್ನು ಎಲ್ಲಿ ಇಡಲಾಗಿದೆ ಎಂಬುದು ಹೊಟ್ಟೆಪಾಡಿನ ಪ್ರಶ್ನೆ. ಡುಮ್‌ಡುಮಾದ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೆನಪಿನಲ್ಲಿಡಬೇಕು.

ಮೇಲಣ ಅಸ್ಸಾಮಿನ ಚಹಾ ಉದ್ದಿಮೆ ಬೆಳೆದದ್ದು 1839ರಲ್ಲಿ ಲಂಡನ್ನಿನಲ್ಲಿ ಅಲ್ಲಿನ ಚಹಾದ ಮೊದಲ ಹರಾಜು ನಡೆದು, ಅದೇ ವರ್ಷ ಅಸ್ಸಾಂ ಕಂಪನಿ ಸ್ಥಾಪನೆಯಾದ ಮೇಲೆ. ಡುಮ್‌ಡುಮಾದ ಸುತ್ತಣ ಕಾಡು ಕಡಿದು ತೋಟ ಮಾಡಲು ಸ್ಥಳೀಯರು ಕೂಲಿಗೆ ಬರಲು ಒಪ್ಪದಿದ್ದಾಗ, ಛೋಟಾನಾಗಪುರ, ಸಂತಾಲ ಪರಗಣ, ಒಡಿಶಾ ಮತ್ತು ಮದ್ರಾಸ್ ಪ್ರಾಂತ್ಯದ ತೆಲುಗು ಜಿಲ್ಲೆಗಳಿಂದ ಆದಿವಾಸಿಗಳನ್ನೂ ಬಡ ಕೃಷಿಕರನ್ನೂ ಕರಾರಿನ ಮೇಲೆ ಕರೆತರಲಾಯಿತು. 1859ರ ಕರಾರು ಭಂಗದ ಕಾಯಿದೆ ಮತ್ತು 1882ರ ವಲಸೆ ಕಾಯಿದೆಗಳ ಅಡಿಯಲ್ಲಿ ಕೆಲಸ ಬಿಟ್ಟು ಹೋಗುವುದು ಶಿಕ್ಷಾರ್ಹ ಅಪರಾಧವಾಗಿತ್ತು. 1880ರ ದಶಕದಲ್ಲಿ ಡಿಬ್ರೂ–ಸದಿಯಾ ರೈಲು ಬ್ರಹ್ಮಪುತ್ರದ ದಡದಿಂದ ಈ ಕಡೆಗೆ ಬಂದದ್ದು ಚಹಾ, ಕಲ್ಲಿದ್ದಲು ಮತ್ತು ಮರವನ್ನು ಹೊರಕ್ಕೆ ಸಾಗಿಸಲು. ಹೀಗೆ ರೈಲಿನ ವೇಳೆಯೂ ತೋಟದ ಶಿಸ್ತೂ ಈ ಸೀಮೆಗೆ ಒಂದರ ಹಿಂದೊಂದು ಬಂದವು.

ಚಹಾದ ಸ್ವಭಾವವೇ ಹೊತ್ತಿನ ಹಂಗಿನದು. ಎರಡು ಎಲೆ ಮತ್ತು ಒಂದು ಮೊಗ್ಗಿನ ಚಿಗುರನ್ನು ಹಗಲ ಬೆಳಕಿನಲ್ಲಿ ಕೈಯಿಂದ ಕೀಳಬೇಕು, ಕಿತ್ತ ಎಲೆಯನ್ನು ತೂಗಿ ಅದೇ ದಿನ ಕಾರ್ಖಾನೆಗೆ ಮುಟ್ಟಿಸಬೇಕು, ಅಲ್ಲಿ ಅದನ್ನು ಬಾಡಿಸಲು ಹರಡಬೇಕು. ತಡವಾದರೆ ರಾಶಿಯಲ್ಲೇ ಬೆಂದು ಕೆಡುತ್ತದೆ. ಒಬ್ಬ ಕಾರ್ಮಿಕಳು ದಿನಕ್ಕೆ ಮುಗಿಸಬೇಕಾದ ನಿಗದಿತ ಪ್ರಮಾಣದ ಕೆಲಸಕ್ಕೆ ನಿರಿಖ್ ಎಂದೂ, ಅದನ್ನು ಮುಗಿಸಿದ್ದಕ್ಕೆ ಸಿಗುವ ದಿನಗೂಲಿಗೆ ಹಾಜಿರಾ ಎಂದೂ, ಅದರ ಮೇಲೆ ಮಾಡಿದ ಹೆಚ್ಚುವರಿ ಕೆಲಸದ ದುಡ್ಡಿಗೆ ಟಿಕ್ಕಾ ಎಂದೂ ತೋಟಗಳಲ್ಲಿ ಹೇಳುತ್ತಿದ್ದರು. ಸರ್ದಾರನ ಕಣ್ಗಾವಲಿನಲ್ಲಿ, ತೂಗುಹಾಕಿದ ಕಬ್ಬಿಣದ ತುಂಡನ್ನು ಬಡಿದು ಹೊತ್ತು ತಿಳಿಸುತ್ತಿದ್ದ ಆ ವ್ಯವಸ್ಥೆಯಲ್ಲಿ ಬೇಸಿಗೆಯ ಮುಂಜಾನೆಯ ಎರಡು ಗಂಟೆಗಳ ಬೆಳಕು ವ್ಯರ್ಥವಾಗುವುದನ್ನು ತೋಟದ ಸಾಹೇಬರು ಸಹಿಸುವಂತಿರಲಿಲ್ಲ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಡುವ ಬಾಗಾನ್ ಟೈಮ್, ಅಂದರೆ ತೋಟದ ವೇಳೆ, ನೆಲೆಗೊಂಡದ್ದು ಈ ಹಿನ್ನೆಲೆಯಲ್ಲಿ.

ಬಾಗಾನ್ ಟೈಮ್ ತೋಟದ ಮಾಲೀಕರ ಕೃತಕ ಸೃಷ್ಟಿ ಎಂದು ತಳ್ಳಿಹಾಕುವ ಮುನ್ನ ಅದನ್ನು ಸೂರ್ಯನ ಜೊತೆ ಹೋಲಿಸಿ ನೋಡಬೇಕು. ಡುಮ್‌ಡುಮಾದ ಸ್ವಂತ ವೇಳೆ ಪ್ರಮಾಣ ವೇಳೆಗಿಂತ 52 ನಿಮಿಷ ಮುಂದಿರುವುದರಿಂದ, ಒಂದು ಗಂಟೆ ಮುಂದಿರುವ ಬಾಗಾನ್ ಟೈಮ್ ಆ ಊರಿನ ಸೂರ್ಯನಿಗಿಂತ ಕೇವಲ 8 ನಿಮಿಷ ಆಚೆ ಇದೆ. ಗಡಿಯ ಆಚೆಯ ಮ್ಯಾನ್ಮಾರ್ ದೇಶದ ಅಧಿಕೃತ ವೇಳೆಯೂ ಗ್ರೀನಿಚ್‌ಗಿಂತ 6 ಗಂಟೆ 30 ನಿಮಿಷ ಮುಂದಿದ್ದು, ಬಾಗಾನ್ ಟೈಮಿಗೆ ಸರಿಯಾಗಿ ಹೊಂದುತ್ತದೆ. ತೋಟಗಳು ಲಾಭಕ್ಕಾಗಿ ಮಾಡಿಕೊಂಡದ್ದು ನಿಜ. ಹಾಗೆ ಮಾಡುವಾಗ ಆ ನೆಲದ ಹಗಲಿಗೆ ಅವು ಸರ್ಕಾರಕ್ಕಿಂತ ಹತ್ತಿರ ಬಂದವು ಎಂಬುದೂ ಅಷ್ಟೇ ನಿಜ. ಚಳಿಗಾಲದಲ್ಲಿ ಇದರ ಪ್ರಯೋಜನ ಕಾರ್ಮಿಕರಿಗೂ ಇತ್ತು. ಸರ್ಕಾರಿ ಗಡಿಯಾರದ 4 ಗಂಟೆ 18 ನಿಮಿಷಕ್ಕೆ ಕತ್ತಲಿಳಿಯುವ ಊರಿನಲ್ಲಿ ಸಂಜೆ ಐದರವರೆಗೆ ದುಡಿದವಳು ಸೌದೆ, ನೀರು, ಅಡುಗೆ ಎಲ್ಲವನ್ನೂ ಕತ್ತಲಲ್ಲೇ ಮಾಡಿಕೊಳ್ಳಬೇಕು. ತೋಟದ ಗಡಿಯಾರದಂತೆ ನಾಲ್ಕಕ್ಕೆ ಬಿಡುಗಡೆಯಾದವಳಿಗೆ ಒಂದು ಗಂಟೆಗೂ ಹೆಚ್ಚು ಹೊತ್ತಿನ ಬೆಳಕು ಸ್ವಂತಕ್ಕೆ ಉಳಿಯುತ್ತದೆ. ಎಲೆ ಕೀಳುವವರಲ್ಲಿ ಹೆಂಗಸರೇ ಹೆಚ್ಚಾಗಿರುವಾಗ ಈ ಒಂದು ಗಂಟೆಯನ್ನು ಸಣ್ಣದೆಂದು ಭಾವಿಸಲಾಗದು.

ಸ್ವತಂತ್ರ ಭಾರತದ ಕಾನೂನು ಇದನ್ನು ಕಣ್ಣುಮುಚ್ಚಿ ಸಹಿಸಿಕೊಂಡಿತು ಎಂಬ ಮಾತು ಪೂರ್ತಿ ಸರಿಯಲ್ಲ, ಏಕೆಂದರೆ 1951ರ ತೋಟ ಕಾರ್ಮಿಕರ ಕಾಯಿದೆ ಅದಕ್ಕೆ ಬಾಗಿಲು ತೆರೆದೇ ಇಟ್ಟಿತ್ತು. ಕಾಯಿದೆಯಲ್ಲಿ ಹೇಳಿದ ಗಂಟೆಗಳೆಲ್ಲ ಭಾರತೀಯ ಪ್ರಮಾಣ ವೇಳೆಯವು ಎಂದು ಅದರ 3ನೇ ಕಲಮು ಹೇಳಿ, ಆ ವೇಳೆಯನ್ನು ಸಾಮಾನ್ಯವಾಗಿ ಪಾಲಿಸದ ಪ್ರದೇಶವಿದ್ದರೆ ರಾಜ್ಯ ಸರ್ಕಾರ ಆ ಪ್ರದೇಶವನ್ನು ಗುರುತಿಸಿ, ಅಲ್ಲಿನ ಸ್ಥಳೀಯ ವೇಳೆಯನ್ನು ನಿರೂಪಿಸಿ, ತೋಟಗಳಲ್ಲಿ ಅದನ್ನೇ ಪಾಲಿಸಲು ನಿಯಮ ಮಾಡಿ ಅನುಮತಿ ಕೊಡಬಹುದು ಎಂದು ಸೇರಿಸಿತು. 1948ರ ಕಾರ್ಖಾನೆಗಳ ಕಾಯಿದೆಯಲ್ಲೂ ಇಂಥದೇ ಮಾತಿತ್ತು. ಹೆಂಗಸರನ್ನು ಬೆಳಿಗ್ಗೆ 6ರಿಂದ ಸಂಜೆ 7ರ ನಡುವೆ ಮಾತ್ರ ದುಡಿಸಬೇಕೆಂಬ ತೋಟ ಕಾರ್ಮಿಕರ ಕಾಯಿದೆಯ ಕಟ್ಟಳೆಯನ್ನು ಇದರ ಜೊತೆಗಿಟ್ಟು ಓದಿದರೆ, ತೋಟದ ವೇಳೆಗೆ ಒಪ್ಪಿಗೆ ಇದ್ದ ಕಡೆ ಆ ಆರು ಗಂಟೆ ಎಂದರೆ ರೈಲಿನ ಐದು ಗಂಟೆ ಎಂದಾಗುತ್ತಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಿಗೂ ಇದೇ ಕಾಯಿದೆ ಅನ್ವಯಿಸುತ್ತಿತ್ತು. ಅಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದಿರುವುದರಿಂದ ಗಡಿಯಾರವನ್ನು ಇನ್ನೂ ಮುಂದಕ್ಕೆ ತಿರುಗಿಸುವುದರಲ್ಲಿ ಯಾರಿಗೂ ಲಾಭವಿರಲಿಲ್ಲ.

ತೋಟದ ಬೇಲಿಯಾಚೆ, ಡುಮ್‌ಡುಮಾದ ಬ್ಯಾಂಕು, ಅಂಚೆ ಕಚೇರಿ, ಸರ್ಕಾರಿ ಕಚೇರಿ, ರೈಲು ನಿಲ್ದಾಣಗಳು ಪ್ರಮಾಣ ವೇಳೆಯಲ್ಲೇ ನಡೆಯುತ್ತವೆ. ತೋಟದ ಕೆಲಸಗಾರರು ಬ್ಯಾಂಕಿಗೆ ಬರುವಾಗ, ಪೇಟೆಯ ವ್ಯಾಪಾರಿ ತೋಟದ ಆಫೀಸಿಗೆ ಹೋಗುವಾಗ, ಹತ್ತು ಗಂಟೆ ಎಂದರೆ ಯಾವ ಹತ್ತು ಗಂಟೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಒಂದೇ ಪಟ್ಟಣದಲ್ಲಿ ಎರಡು ವೇಳೆಗಳು ಇಷ್ಟು ದೀರ್ಘಕಾಲ ಬಾಳಿಕೊಂಡು ಬಂದಿರುವುದು, ಎರಡು ವೇಳೆ ಇದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ ಎಂಬ ವಾದಕ್ಕೆ ಕೊಡಬಹುದಾದ ಗಟ್ಟಿ ಉತ್ತರ.

ಮಾಂಡವಿಯ ಚರಿತ್ರೆ ಇದಕ್ಕಿಂತ ತೀರ ಬೇರೆ. ಕಛ್ ರಾಜ್ಯದ ಈ ಬಂದರು ರುಕ್ಮಾವತಿ ನದಿ ಸಮುದ್ರ ಸೇರುವಲ್ಲಿದೆ. ಇಲ್ಲಿನ ಹಡಗುಗಳು ಮಸ್ಕತ್ತಿಗೂ ಝಾಂಜಿಬಾರಿಗೂ ಹೋಗಿ ಬರುತ್ತಿದ್ದವು, ಮರದ ಹಡಗು ಕಟ್ಟುವ ಕಸುಬು ನದಿಯ ದಂಡೆಯಲ್ಲಿ ಇನ್ನೂ ಉಳಿದಿದೆ. ಹಡಗಿನವರಿಗೆ ಭರತ ಇಳಿತದ ಹೊತ್ತು ಮುಖ್ಯವಾಗಿತ್ತು, ವ್ಯಾಪಾರಿಗಳಿಗೆ ಮಾನ್ಸೂನ್ ಗಾಳಿಯ ಋತು ಮುಖ್ಯವಾಗಿತ್ತು. ರೈಲಿನ ವೇಳೆ ಇಲ್ಲಿಗೆ ಬರಲೇ ಇಲ್ಲ, ಏಕೆಂದರೆ ರೈಲೇ ಬರಲಿಲ್ಲ. ಕಛ್‌ನ ಹೊಸ ವರ್ಷ ಕೂಡ ಆಕಾಶ ನೋಡಿ ಬರುವಂಥದು. ಆಷಾಢಿ ಬೀಜ್ ಎಂದು ಕರೆಯುವ ಆಷಾಢ ಶುದ್ಧ ಬಿದಿಗೆಯಂದು, ಮಳೆಯನ್ನು ಎದುರು ನೋಡುವ ದಿನಗಳಲ್ಲಿ, ಅಲ್ಲಿನವರ ವರ್ಷ ತೊಡಗುತ್ತದೆ.

ಖರೆಕ್ ಎಂದು ಕರೆಯುವ ಕಛ್‌ನ ತಾಜಾ ಖರ್ಜೂರದ ಕೊಯ್ಲು ಬೀಳುವುದೂ ಈ ಹಬ್ಬದ ಆಸುಪಾಸಿನಲ್ಲೇ. ಖರ್ಜೂರದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುವುದರಿಂದ ಚಳಿಗಾಲದ ಕೊನೆಯಲ್ಲಿ ರೈತ ಮರವೇರಿ ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೂಗೊಂಚಲಿನ ನಡುವೆ ಸಿಕ್ಕಿಸಿ ಕಟ್ಟುತ್ತಾನೆ. ಹೀಗೆ ಕೈಯಾರೆ ಪರಾಗಸ್ಪರ್ಶ ಮಾಡಿಸಿದ ಗೊನೆಗಳು ಜೂನ್ ಮಧ್ಯದಿಂದ ಜುಲೈವರೆಗೆ ಹಳದಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತವೆ. ಅರಬ್ ದೇಶಗಳಂತೆ ಹಣ್ಣು ಮರದಲ್ಲೇ ಕಳಿತು ಒಣಗಲು ಇಲ್ಲಿ ಅವಕಾಶವಿಲ್ಲ. ಮಳೆ ಬಿದ್ದರೆ ಕಾಯಿ ಕೊಳೆಯುವುದರಿಂದ ಇನ್ನೂ ಗಟ್ಟಿಯಾಗಿ, ಗರಿಗರಿಯಾಗಿ, ಸಿಹಿ ತುಂಬಿರುವ ಹಂತದಲ್ಲೇ ಇಳಿಸಿ ಮಾರಬೇಕು. 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಬೆಳೆಗೂ ಹೊತ್ತಿನ ಹಂಗು ಇದೆ, ಆದರೆ ಅದು ಮೋಡದ ಹಂಗು. ತನ್ನ ಮರವನ್ನು ತಾನೇ ಏರುವ ರೈತನಿಗೆ ಗಡಿಯಾರ 53 ನಿಮಿಷ ಮುಂದಿದ್ದರೇನು, ಹಿಂದಿದ್ದರೇನು. ಅವನ ಹಾಜರಿ ಬರೆದುಕೊಳ್ಳುವ ಸರ್ದಾರನಿಲ್ಲದ ಕಾರಣ ಬೆಳಕು ಹರಿದಾಗ ಹೊರಟು ಬಿಸಿಲೇರಿದಾಗ ಮರಳುತ್ತಾನೆ.

ಹಾಗೆಂದು ಮಾಂಡವಿಯ ಹೊಲಗಳಿಗೆ ಗಡಿಯಾರ ಕಾಲಿಟ್ಟಿಲ್ಲವೆಂದಲ್ಲ. ಅದು ಪಂಪ್‌ಸೆಟ್ಟಿನ ತಂತಿಯ ಮೂಲಕ ಬಂದಿದೆ. ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುವುದು, ರಾತ್ರಿ ಹೊತ್ತು ನೀರು ಹಾಯಿಸಲು ಹೋದವರು ಹಾವು ಹುಳುಗಳ ಭಯದಲ್ಲಿ ಹೊಲ ಕಾಯುವುದು ಕರ್ನಾಟಕದ ರೈತರಿಗೂ ಗೊತ್ತಿರುವ ಕಷ್ಟ. ಇದನ್ನು ತಪ್ಪಿಸಲು ಗುಜರಾತಿನಲ್ಲಿ 2020ರ ಅಕ್ಟೋಬರಿನಲ್ಲಿ ಆರಂಭವಾದ ಕಿಸಾನ್ ಸೂರ್ಯೋದಯ ಯೋಜನೆ ಬೆಳಿಗ್ಗೆ 5ರಿಂದ ರಾತ್ರಿ 9ರ ನಡುವೆ ಕೃಷಿಗೆ ವಿದ್ಯುತ್ ಕೊಡುವ ಗುರಿ ಇಟ್ಟುಕೊಂಡಿತು. ಉದ್ದೇಶ ಮೆಚ್ಚತಕ್ಕದ್ದೇ, ಆದರೆ ಡಿಸೆಂಬರಿನಲ್ಲಿ ಮಾಂಡವಿಯ ಬೆಳಗಿನ 5 ಗಂಟೆ ಎಂದರೆ ಸೂರ್ಯೋದಯಕ್ಕೆ ಇನ್ನೂ ಎರಡೂವರೆ ಗಂಟೆ ಬಾಕಿ ಇರುವ ಕಡುಗತ್ತಲು. ಡುಮ್‌ಡುಮಾದಲ್ಲಿ ಅದೇ 5 ಗಂಟೆಗೆ ಸೂರ್ಯೋದಯ ಒಂದು ಗಂಟೆಗೂ ಕಡಿಮೆ ದೂರದಲ್ಲಿರುತ್ತದೆ.

ಪಶ್ಚಿಮದ ಊರುಗಳ ನಷ್ಟ ಹೆಚ್ಚಾಗಿ ಕಾಣುವುದು ಮಕ್ಕಳಲ್ಲಿ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳನ್ನು ಆಧರಿಸಿ ನಡೆಸಿದ ಅಧ್ಯಯನದಲ್ಲಿ, ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು 30 ನಿಮಿಷ ಕಡಿಮೆಯಾಗುತ್ತದೆ ಎಂದು ಕಂಡುಕೊಂಡರು. ಹೊತ್ತು ತಡವಾಗಿ ಮುಳುಗುವುದರಿಂದ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಯ ಗಂಟೆ ಮಾತ್ರ ದೇಶದ ಉಳಿದ ಕಡೆಯಂತೆಯೇ ಹೊಡೆಯುತ್ತದೆ, ಅದರ ಪರಿಣಾಮ ಓದಿನ ಮೇಲೂ ಆಗುತ್ತದೆ. ಪೂರ್ವದ ಸಂಕಟಕ್ಕೆ ಬಾಗಾನ್ ಟೈಮಿನಂಥ ಹೆಸರೂ ಹೋರಾಟವೂ ಇವೆ. ಪಶ್ಚಿಮದ ಈ ಸಂಕಟಕ್ಕೆ ಹೆಸರಿಲ್ಲದಿರುವುದರಿಂದ ಚರ್ಚೆಯಲ್ಲಿ ಅದು ಬರುವುದೇ ಅಪರೂಪ.

ಚರ್ಚೆಯಂತೂ ಬಹಳ ವರ್ಷಗಳಿಂದ ನಡೆದಿದೆ. 1942ರಿಂದ 1945ರವರೆಗೆ ಯುದ್ಧದ ಕಾರಣಕ್ಕೆ ಇಡೀ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಾಗ ಭಾರತವೆಲ್ಲ ಬಾಗಾನ್ ಟೈಮಿನಲ್ಲೇ ಬದುಕಿತ್ತು. 2014ರಲ್ಲಿ ಅಸ್ಸಾಮಿನ ಅಂದಿನ ಮುಖ್ಯಮಂತ್ರಿ ತರುಣ್ ಗೊಗೊಯ್ ತಮ್ಮ ರಾಜ್ಯದ ವೇಳೆಯನ್ನು ಮುಂದಕ್ಕೆ ಸರಿಸುವ ಇಚ್ಛೆಯನ್ನು ಪ್ರಕಟಿಸಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ. ಪಿ. ಸೇನ್ ಗುಪ್ತ ಮತ್ತು ದಿಲೀಪ್ ಅಹುಜಾ, ದೇಶದ ವೇಳೆಯನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿದರೆ ಸಂಜೆಯ ವಿದ್ಯುತ್ ಬೇಡಿಕೆ ತಗ್ಗಿ ವರ್ಷಕ್ಕೆ 200 ಕೋಟಿಗೂ ಹೆಚ್ಚು ಯೂನಿಟ್ ಉಳಿಯುತ್ತದೆ ಎಂದು ಲೆಕ್ಕ ಕೊಟ್ಟರು. ದೇಶದ ಸರಾಸರಿಗೆ ಈ ಲೆಕ್ಕ ಸರಿ ಇರಬಹುದು. ಆದರೆ ಅದರಂತೆ ನಡೆದರೆ ಚಳಿಗಾಲದಲ್ಲಿ ಮಾಂಡವಿಗೆ ಬೆಳಗಾಗುವುದು 8 ಗಂಟೆಗೆ, ಡುಮ್‌ಡುಮಾಕ್ಕೆ ಕತ್ತಲಾಗುವುದು 5 ಗಂಟೆಗೂ ಮೊದಲೇ. ಎರಡು ತುದಿಗಳಲ್ಲಿ ಒಂದರ ಕಷ್ಟ ಅರೆಬರೆ ತಗ್ಗಿ ಇನ್ನೊಂದರ ಕಷ್ಟ ಹೆಚ್ಚುವ ಪರಿಹಾರ ಅದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಮಂಡಿಸಿದ ಸಲಹೆ ಇದಕ್ಕಿಂತ ನ್ಯಾಯವಾದದ್ದು. ಅಸ್ಸಾಂ ಮತ್ತು ಪಶ್ಚಿಮ ಬಂಗಾಳದ ಕಿರಿದಾದ ಗಡಿಯಲ್ಲಿ, ಸುಮಾರು 89 ಡಿಗ್ರಿ 52 ನಿಮಿಷ ರೇಖಾಂಶದ ಬಳಿ ಎರಡು ವಲಯಗಳನ್ನು ಬೇರ್ಪಡಿಸಬೇಕು, ಪೂರ್ವದ ವಲಯ 6 ಗಂಟೆ 30 ನಿಮಿಷದ ವೇಳೆಯನ್ನು ಪಾಲಿಸಬೇಕು ಎಂದು ಅವರು ಬರೆದರು. ಇಡೀ ದೇಶದಲ್ಲಿ ರೈಲುಗಳ ಗಡಿಯಾರ ಬದಲಾಗಬೇಕಾದದ್ದು ಅಲಿಪುರ್‌ದುವಾರ್ ಬಳಿಯ ಆ ಒಂದೇ ಕಡೆ. ಅವರು ಸೂಚಿಸಿದ ಪೂರ್ವ ವಲಯದ ವೇಳೆ ಬಾಗಾನ್ ಟೈಮೇ ಆಗಿದೆ. ಕೇಂದ್ರ ಸರ್ಕಾರ ಮಾತ್ರ ಎರಡು ವೇಳೆಗಳಿಗೆ ಈವರೆಗೆ ಒಪ್ಪಿಲ್ಲ.

2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಪ್ರಕಟಿಸಿದ ಕರಡು ನಿಯಮಗಳು ಕಾನೂನು, ಆಡಳಿತ ಮತ್ತು ವಾಣಿಜ್ಯ ವ್ಯವಹಾರಗಳಲ್ಲೆಲ್ಲ ಭಾರತೀಯ ಪ್ರಮಾಣ ವೇಳೆಯನ್ನೇ ಕಡ್ಡಾಯವಾಗಿ ಬಳಸಬೇಕೆನ್ನುತ್ತವೆ. ಬ್ಯಾಂಕಿಂಗ್, ದೂರಸಂಪರ್ಕ, ವಿದ್ಯುತ್ ಜಾಲಗಳಿಗೆ ಒಂದೇ ನಿಖರ ವೇಳೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಖಗೋಳಶಾಸ್ತ್ರ, ನೌಕಾಯಾನ ಮತ್ತು ವೈಜ್ಞಾನಿಕ ಸಂಶೋಧನೆಗೆ ಅನುಮತಿಯ ಮೇಲೆ ವಿನಾಯಿತಿ ನೀಡುವ ಆ ಕರಡಿನ ಮಾದರಿಯಲ್ಲೇ ಚಹಾ ತೋಟಗಳಿಗೂ ಒಂದು ವಿನಾಯಿತಿಯನ್ನು ಬರೆದಿಡುವುದು ಕಷ್ಟವಲ್ಲ; 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1951ರ ಕಾಯಿದೆಯ 3ನೇ ಕಲಮಿನ ಒಕ್ಕಣೆ ಅದಕ್ಕೆ ಸಿದ್ಧ ಮಾದರಿ. ನಿಯಮ ರೂಪಿಸುವವರು ಆ ಒಕ್ಕಣೆಯನ್ನು ಕೈಬಿಡಬಾರದು, ಮತ್ತು ಪಶ್ಚಿಮದ ಜಿಲ್ಲೆಗಳ ಶಾಲೆಗಳು ಚಳಿಗಾಲದಲ್ಲಿ ತಮ್ಮ ಗಂಟೆಯನ್ನು ತಮ್ಮ ಸೂರ್ಯೋದಯಕ್ಕೆ ಹೊಂದಿಸಿಕೊಳ್ಳುವ ಅಧಿಕಾರವನ್ನೂ ಸ್ಥಳೀಯವಾಗಿಯೇ ಕೊಡಬೇಕು.